ಬಾಟ್ಲಿಯಪ್ಪನ ದೋಣಿ

ಪಂಪಿನ ಹಿಡಿ ಒತ್ತುತ್ತಲೇ ಅವಳು ಗಂಡನ ಹಣೆಯ ಮೇಲೆ ಕೂತ ನೊಣವನ್ನು ಎಡಗೈಯಿಂದ ಓಡಿಸಿದಳು. ಒಂದು ಕೈ ಬಿಟ್ಟರೆ ಪಂಪು ಕೆಮ್ಮುತ್ತಿತ್ತು. ಎರಡೂ ಕೈ ಕೊಟ್ಟರೆ ಮಾತ್ರ ದೋಣಿಯ ಹೊಟ್ಟೆಯೊಳಗಿನ ನೀರು ಗುಳುಗುಳು ಎನ್ನುತ್ತ ಮೇಲೇರಿ ಸಮುದ್ರಕ್ಕೆ ಬೀಳುತ್ತಿತ್ತು. ಹಾಯಿಕಂಬದ ಬುಡದಲ್ಲಿ, ಬಿಳಿ ಬಟ್ಟೆಯೊಳಗೆ, ಬಹಳ ದಿನ ನಿದ್ದೆಗೆಟ್ಟವರು ಕೊನೆಗೂ ಮಲಗಿದ ಹಾಗೆ ಅವರು ಮಲಗಿದ್ದರು.

ನಿದ್ದೆಗೆಟ್ಟಿದ್ದರು ಎಂಬುದು ಅವಳಿಗೆ ತಿಳಿದದ್ದೇ ಅವರು ಹೋದ ಮಾರನೆಯ ಬೆಳಿಗ್ಗೆ. ಮಂಚದಿಂದ ಕಾಲು ಕೆಳಗಿಟ್ಟರೆ ಪಾದ ಮುಳುಗುವಷ್ಟು ನೀರು. ದೋಣಿ ಸೋರುತ್ತಿದ್ದದ್ದು ಇಂದು ನಿನ್ನೆಯಿಂದಲ್ಲ. ಇವಳು ಗೊರಕೆ ಹೊಡೆಯುತ್ತಿರುವಾಗ ಆ ಮನುಷ್ಯ ಎದ್ದು, ಪಂಪು ಹೊಡೆದು, ನೆಲ ಒರೆಸಿ, ಏನೂ ಆಗದವರ ಹಾಗೆ ಬಂದು ಪಕ್ಕದಲ್ಲಿ ಮಲಗುತ್ತಿದ್ದರು. ದೋಣಿ ಹೇಗಿದೆ ಎಂದು ಕೇಳಿದರೆ, ನಿನ್ನ ಅಡುಗೆಯ ಹಾಗೆ, ಒಂದು ತೊಟ್ಟು ನೀರಿಲ್ಲ ಎನ್ನುತ್ತಿದ್ದರು. ಎದೆನೋವನ್ನೂ ಹಾಗೆಯೇ ನಗೆಯೊಳಗೆ ಮುಚ್ಚಿಟ್ಟರು. ದೇವರು ಕೆಲವರಿಗೆ ಬಾಯಿ ಕೊಡುವುದು ಊಟಕ್ಕೂ ತಮಾಷೆಗೂ ಮಾತ್ರ.

ಬಂದರಿನ ಬಡಗಿ ನಸುಕಿನಲ್ಲೇ ನೀರಿಗಿಳಿದು ದೋಣಿಯ ಅಡಿಯನ್ನೆಲ್ಲ ಸವರಿ ನೋಡಿದ್ದ. ಸತ್ತವರಿಗೆ ಅವನು ಒಡಹುಟ್ಟಿದವನಲ್ಲ, ಜಗಳವಾಡಿ ಜಗಳವಾಡಿ ತಮ್ಮನಾದವನು. ಈಗ ತಲೆಯಿಂದ ನೀರು ಸುರಿಸುತ್ತ ಅವಳೆದುರು ಕುಕ್ಕರಗಾಲಿನಲ್ಲಿ ಕೂತ.

"ಅದೇ ಹಲಗೆ ಅತ್ತಿಗೆ. ಅಣ್ಣ ಬಾಟ್ಲಿಗಳ ಪ್ಲಾಸ್ಟಿಕ್ ಮುಚ್ಚಳ ಕರಗಿಸಿ ಅಚ್ಚು ಹಾಕಿದ್ದು. ಮರ ನೀರು ಕುಡಿದು ಉಬ್ಬುತ್ತೆ, ಇದು ಉಬ್ಬಲ್ಲ. ಎರಡರ ಮಧ್ಯೆ ಸಂದು ಬಾಯಿ ಬಿಟ್ಟಿದೆ. ನಾನು ಅವತ್ತೇ ಬಡ್ಕೊಂಡೆ."

"ಏನಂದ್ರು?"

"ನಿನ್ನ ಮರಕ್ಕಿಂತ ನನ್ನ ಮುಚ್ಚಳ ಜಾಸ್ತಿ ದಿನ ಬಾಳುತ್ತೆ ಕಣೋ ಅಂದ." ಬಡಗಿ ಮುಖ ಒರೆಸಿಕೊಂಡ. "ಬಾಳುತ್ತೆ. ಅದೇ ತೊಂದರೆ."

ಬೆಳಗಿನ ಭರತದ ನೀರು ಆಗಲೇ ಇಳಿಯತೊಡಗಿತ್ತು. ಇನ್ನು ಸಂಜೆ ನೀರು ಏರಿದಾಗಲೇ ದೋಣಿಯನ್ನು ಎಳೆದು ಮರಳಿಗೆ ಹತ್ತಿಸಲು ಸಾಧ್ಯ. ಅಲ್ಲಿಯವರೆಗೆ ಪಂಪು ನಿಲ್ಲಬಾರದು ಎಂದು ಬಡಗಿ ಹೇಳಿದ. ದೋಣಿಯೊಳಗಿನ ಕಸದ ಚೀಲಗಳನ್ನು ದಡದ ಧಕ್ಕೆಗೆ ಸಾಗಿಸೋಣವೆಂದರೆ ಬಂದರಿನವರು ಆ ಕಸವನ್ನು ಕಲ್ಲಿನ ಮೇಲೆ ಇಡಗೊಡುತ್ತಿರಲಿಲ್ಲ. ವಾಸನೆಯ ನೆಪ ಹೇಳಿ ದೋಣಿಯನ್ನೇ ದೂರ, ನೀರಿನ ನಡುವೆ ಲಂಗರು ಹಾಕಿಸಿದ್ದವರು ಅವರು. ಪ್ಲಾಸ್ಟಿಕ್ ಚೂರು ಕೊಳ್ಳುವ ಕಾರ್ಖಾನೆಯ ಲಾರಿ ಬರುವುದು ಮುಂದಿನ ವಾರ. ದೋಣಿಯ ನಡುಗೂಡಿನ ತುಂಬ ಬಾಟಲಿ ಕತ್ತರಿಸಿದ ಚೂರಿನ ಚೀಲಗಳು, ಮುಂಗೂಡಿನಲ್ಲಿ ಹಲಗೆ ಮಾಡಲೆಂದು ಹಾಗೇ ಸುರಿದಿಟ್ಟ ಮುಚ್ಚಳಗಳ ರಾಶಿ. ಗಂಡನನ್ನಾದರೋ ನಿನ್ನೆಯೇ ಮಣ್ಣು ಮಾಡಬೇಕಿತ್ತು, ಮಗಳು ಬರಲೆಂದು ಒಂದು ದಿನ ತಡೆದಿದ್ದರು.

ಮಗಳು ಬಂದಳು. ಮೀನುಗಾರರ ಮೋಟಾರು ದೋಣಿಯಿಂದ ಇಳಿದು, ಅಪ್ಪನ ಪಾದ ಹಿಡಿದು ಅತ್ತು, ಕಣ್ಣೊರೆಸಿಕೊಂಡು ಎದ್ದವಳು ತಾಯಿಯ ಕೈ ಇನ್ನೂ ಪಂಪಿನ ಮೇಲೇ ಇರುವುದನ್ನು ನೋಡಿದಳು.

"ಮುಳುಗಲಿ ಬಿಡಮ್ಮ. ನನ್ನ ಜೊತೆ ಬಾ. ಏನಿದೆ ಇದರಲ್ಲಿ, ಕಸ ತಾನೆ?"

"ಕಸವೇ. ನಿಮ್ಮಪ್ಪ ಒಂದೊಂದಕ್ಕೂ ಸೊಂಟ ಬಗ್ಗಿಸಿ ಎತ್ತಿದ ಕಸ. ದೋಣಿ ಹೋದ್ರೆ ಎಲ್ಲ ವಾಪಸ್ ಸಮುದ್ರಕ್ಕೇ. ಅವರು ಎತ್ತಲೇ ಇಲ್ಲ ಅಂದ ಹಾಗಾಯ್ತು ಆಮೇಲೆ."

"ಹಾಗಾದ್ರೆ ಅಪ್ಪನ ಮಣ್ಣಿಗೆ ಬರಲ್ವಾ ನೀನು?"

ಅವಳು ಇನ್ನೊಮ್ಮೆ ಹಿಡಿ ಒತ್ತಿದಳು. ಬಡಗಿಯೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಿಡಿಯನ್ನು ತಾನು ತೆಗೆದುಕೊಂಡ. "ಹೋಗಿ ಬನ್ನಿ ಅತ್ತಿಗೆ. ಅಣ್ಣನಿಗೆ ನಾನು ಇಲ್ಲಿಂದಲೇ ಕೈ ಮುಗೀತೀನಿ, ಕೈ ಖಾಲಿ ಆದಾಗ."

*

ದುಡಿಯುವ ವಯಸ್ಸನ್ನೆಲ್ಲ ಅವರು ತಂಪು ಪಾನೀಯದ ಕಾರ್ಖಾನೆಯಲ್ಲಿ ಕಳೆದವರು. ತುಂಬಿದ ಬಾಟಲಿಗಳು ಸಾಲಾಗಿ ಬರುತ್ತಿದ್ದವು, ಯಂತ್ರ ಕುಟುಕಿ ಮುಚ್ಚಳ ಬಿಗಿಯುತ್ತಿತ್ತು, ಅವರು ಆ ಯಂತ್ರದ ಪಕ್ಕದಲ್ಲಿ ನಿಂತಿರುತ್ತಿದ್ದರು. ಅಷ್ಟೇ ಕೆಲಸ. ಮನೆಗೆ ಬಂದು ಕೂತರೂ ಅವರ ಹೆಬ್ಬೆರಳು ಏನನ್ನೋ ಬಿಗಿಯುತ್ತಲೇ ಇರುತ್ತಿತ್ತು.

ನಿವೃತ್ತಿಯಾದ ಹೊಸತರಲ್ಲಿ ಇಬ್ಬರೂ ಕಡಲ ಕಡೆ ನಡೆದು ಹೋಗಿದ್ದರು. ಅಲೆ ಬಿಟ್ಟುಹೋದ ಗೆರೆಯುದ್ದಕ್ಕೂ ಮುಚ್ಚಳಗಳು. ಅವರು ಒಂದನ್ನೆತ್ತಿ ಅಂಗಿಗೆ ಒರೆಸಿ, ಒಳಬದಿಯ ಅಚ್ಚನ್ನು ಉಗುರಿನಿಂದ ಕೆರೆದು ನೋಡಿದರು. ತಮ್ಮ ಕಾರ್ಖಾನೆಯದೇ.

"ಇದು ನಾನು ಹಾಕಿದ್ದು ಕಣೇ," ಎಂದರು. ಕಳೆದುಹೋದ ದನವನ್ನು ಬೇರೆ ಊರಿನಲ್ಲಿ ಗುರುತು ಹಿಡಿದವನ ದನಿ ಅದು.

ಅವಳು ನಕ್ಕಳು. ಅವರು ನಗಲಿಲ್ಲ. ಹಳೆಯ ಹಾಯಿದೋಣಿಯೊಂದನ್ನು ಹಿಡಿದು, ಮನೆಯ ಪಾತ್ರೆಪಡಗವನ್ನೆಲ್ಲ ಅದಕ್ಕೆ ಹೇರಿದರು. ನದಿಗಳು ಕಡಲಿಗೆ ಸೇರುವ ಕಡೆಯೆಲ್ಲ ಗಾಳಿ ನೋಡಿಕೊಂಡು ಹೋಗುವುದು, ಬಲೆ ಹಾಕಿ ಬಾಚುವುದು, ತೊಳೆಯುವುದು, ಕತ್ತರಿಸುವುದು. ಬಾಟ್ಲಿಯಪ್ಪ ಕುಡಿಯಲ್ಲ, ಆದ್ರೂ ಬಾಟ್ಲಿ ಬಿಡಲ್ಲ ಎಂದು ಬಂದರಿನವರು ಆಡಿಕೊಂಡರು. ಬೆಳಿಗ್ಗೆ ಎದ್ದು ನೀರಿಗೆ ಕೈ ಮುಗಿದು, ಇವತ್ತು ಸ್ವಲ್ಪ ಕೊಡು ತಾಯಿ, ಜಾಸ್ತಿ ಬೇಡ ಎಂದು ಅವರು ಬೇಡಿಕೊಳ್ಳುತ್ತಿದ್ದರು. ಆ ತಾಯಿ ಒಂದು ದಿನವೂ ಸ್ವಲ್ಪ ಕೊಟ್ಟವಳಲ್ಲ.

*

ಗುಂಡಿಯ ಪಕ್ಕದಲ್ಲಿ ಜನ ಹೆಚ್ಚಿರಲಿಲ್ಲ. ಮೀನುಗಾರರು, ಮೀನು ಮಾರುವ ಒಬ್ಬ ಮುದುಕಿ, ಕಾರ್ಖಾನೆಯ ಕಾಲದ ಒಂದಿಬ್ಬರು. ಹಗ್ಗದ ಮೇಲೆ ಅವರನ್ನು ಕೆಳಗಿಳಿಸಿ, ಹಗ್ಗ ಎಳೆದುಕೊಂಡಾಯಿತು. ಒಬ್ಬೊಬ್ಬರೇ ಹಿಡಿಮಣ್ಣು ಹಾಕುತ್ತಿದ್ದರು. ಅವಳ ಎರಡು ಕೈಗಳೂ ತಮ್ಮಷ್ಟಕ್ಕೆ ಮೇಲೆ ಕೆಳಗೆ ಆಡುತ್ತಿದ್ದುದನ್ನು ನೋಡಿ ಮಗಳು ಅವನ್ನು ಹಿಡಿದುಕೊಂಡಳು. ಅವಳ ಹಿಡಿತದೊಳಗೂ ಅವು ಆಡಿದವು.

ಅಷ್ಟರಲ್ಲಿ ಮಗಳ ಫೋನು ನಡುಗಿತು. ಬಡಗಿಯ ದನಿ ಅಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿತ್ತು.

"ಪಂಪಿನ ಮಾತು ಬಿಡು ಮಗಳೇ. ಹಲಗೆನೇ ಕಳಚ್ಕೊಂಡ್ತು. ಮಂಚದ ತನಕ ನೀರು ಬಂದಿದೆ. ನಾನು ಹೊರಗೆ ಬಂದಿದ್ದೀನಿ, ನನ್ನ ಯೋಚನೆ ಮಾಡ್ಬೇಡಿ."

ಅವಳು ಗುಂಡಿಯತ್ತ ನೋಡಿದಳು. ಅವರ ಕಾಲಿನ ಕಡೆಗೆ ಮಾತ್ರ ಮಣ್ಣು ಬಿದ್ದಿತ್ತು. ಎದೆಯೂ ಮುಖದ ಕಡೆಯೂ ಇನ್ನೂ ಬೆಳ್ಳಗಿದ್ದವು. ಹೀಗೆ ಬಿಟ್ಟು ಹೋಗುವುದು ಹೇಗೆ, ಹೋಗದೆ ಇರುವುದು ಹೇಗೆ.

"ಬೇಗ ಹಾಕಿ," ಎಂದಳು.

ಗುಂಡಿ ತೋಡುವವನು ವಯಸ್ಸಾದವನು, ಯಾರ ದುಃಖಕ್ಕೂ ವೇಗ ಬದಲಿಸದವನು. "ಇದು ಅವಸರದ ಕೆಲಸ ಅಲ್ಲಮ್ಮ," ಎಂದ.

ಗಂಡನ ಮಣ್ಣಿಗೂ ಗಡಿಬಿಡಿಯೇ ಎಂದು ಮುದುಕಿ ಹಿಂದಿನಿಂದ ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಅವಳು ಅವನ ಕೈಯಿಂದ ಗುದ್ದಲಿ ಕಿತ್ತುಕೊಂಡು ರಾಶಿಗೆ ಹಾಕಿದಳು. ಎಳೆದಳು, ತಳ್ಳಿದಳು. ಹೆಂಟೆ ಬಿದ್ದಾಗ ದಪ್ಪನೆ ಸದ್ದಾಗುತ್ತಿತ್ತು. ಮುಖದ ಕಡೆ ಮಾತ್ರ ಗುದ್ದಲಿ ಬಿಟ್ಟು, ಮಂಡಿಯೂರಿ, ಹೆಂಟೆ ಪುಡಿ ಮಾಡಿ ಕೈಯಿಂದ ಬಿಟ್ಟಳು. "ಕ್ಷಮಿಸಿ," ಎಂದಳು, "ನಿಮ್ಮ ಕೆಲಸಕ್ಕೇ ಹೋಗ್ತಿದ್ದೀನಿ." ಆಮೇಲೆ ಎದ್ದು, ಯಾರ ಮುಖವನ್ನೂ ನೋಡದೆ, ಹೆಣ ತಂದ ವ್ಯಾನಿನ ಕಡೆ ಓಡಿದಳು. ಮಗಳು ಹಿಂದೆ ಓಡಿದಳು.

*

ಧಕ್ಕೆಗೆ ಬಂದಾಗ ನೀರಿನ ಮೇಲೆ ಹಾಯಿಕಂಬವೊಂದೇ ಉಳಿದಿತ್ತು, ಓರೆಯಾಗಿ. ಚೂರಿನ ಚೀಲಗಳು ಭಾರಕ್ಕೆ ದೋಣಿಯೊಂದಿಗೇ ತಳ ಸೇರಿದ್ದವು. ಮುಚ್ಚಳಗಳು ಮಾತ್ರ ಮೇಲೆದ್ದಿದ್ದವು. ಕೆಂಪು, ನೀಲಿ, ಹಸಿರು, ಬಿಳಿ. ಬಂದರಿನ ಆ ಮೂಲೆಯಲ್ಲಿ ನೀರೇ ಕಾಣುತ್ತಿರಲಿಲ್ಲ. ಇಳಿತದ ಸೆಳೆತಕ್ಕೆ ಇಡೀ ಹಾಸು ಮೆಲ್ಲಗೆ, ಜಾತ್ರೆ ಮುಗಿಸಿ ಹೊರಟ ಜನದ ಹಾಗೆ, ಅಲೆತಡೆ ಗೋಡೆಯ ಬಾಯಿಯತ್ತ ಸರಿಯುತ್ತಿತ್ತು. ಬಡಗಿ ಕುತ್ತಿಗೆಯವರೆಗಿನ ನೀರಿನಲ್ಲಿ ನಿಂತು, ಅಂಗಿ ಬಿಚ್ಚಿ ಅದನ್ನೇ ಚೀಲ ಮಾಡಿಕೊಂಡು ಬಾಚುತ್ತಿದ್ದ. ಅವಳನ್ನು ಕಂಡೂ ಬಾಚುವುದನ್ನು ನಿಲ್ಲಿಸಲಿಲ್ಲ.

ಬೆಳಿಗ್ಗೆ ಹೆಣ ಹೊತ್ತ ಮೀನುಗಾರರ ದೋಣಿಯ ಹಿಂದೆ ಅವಳೇ ಹುಟ್ಟು ಹಾಕಿಕೊಂಡು ಬಂದ ಪುಟ್ಟ ದೋಣಿ ಧಕ್ಕೆಯ ಮೆಟ್ಟಿಲಿಗೆ ಕಟ್ಟಿತ್ತು. ಅವಳು ಅದಕ್ಕಿಳಿದು ಉದ್ದ ಹಿಡಿಯ ಬಲೆಯನ್ನು ಕೈಗೆತ್ತಿಕೊಂಡಳು. ಬಲೆ ಹಿಡಿದರೆ ಹುಟ್ಟು ಹಿಡಿಯಲಾಗದು. ಎರಡನ್ನೂ ಒಮ್ಮೆ ನೋಡಿದಳು, ಮಗಳನ್ನು ಕರೆಯಲಿಲ್ಲ.

ಮಗಳು ಚಪ್ಪಲಿ ಕಳಚಿ ಮೆಟ್ಟಿಲಿನ ಮೇಲಿಟ್ಟು ದೋಣಿಗಿಳಿದಳು. ಅವಳು ಹುಟ್ಟು ಹಿಡಿದವಳೇ ಅಲ್ಲ. ಎರಡನ್ನೂ ಒಟ್ಟಿಗೆ ನೀರಿಗೆ ತಾಗಿಸಲು ಬಾರದೆ, ಒಂದನ್ನು ಮಡಿಲಿಗೆ ಎಳೆದುಕೊಂಡು, ಇನ್ನೊಂದನ್ನೇ ಎರಡೂ ಕೈಯಿಂದ ಹಿಡಿದು ಎಳೆಯತೊಡಗಿದಳು. ದೋಣಿ ಸ್ವಲ್ಪ ದೂರ ಹೋಗಿ, ಇದ್ದಲ್ಲೇ ಸುತ್ತತೊಡಗಿತು. ತಾಯಿ ಬಾಗಿ ಬಲೆ ಎತ್ತಿ ಕಾಲ ಬಳಿ ಸುರಿದಳು, ಮತ್ತೆ ಬಾಗಿದಳು. ಮಗಳು ಹಲ್ಲು ಕಚ್ಚಿ ಎಳೆದಳು. ದೋಣಿ ಸುತ್ತಿತು. ಅದರ ಸುತ್ತ ಒಂದು ಚಿಕ್ಕ ವೃತ್ತದಷ್ಟು ನೀರು ಬರಿದಾಯಿತು, ಕಪ್ಪಗೆ, ಹೊಳೆಯುತ್ತ. ಆ ವೃತ್ತದ ಆಚೆಯಿಂದ ಬಣ್ಣಗಳೆಲ್ಲ ಗೋಡೆಯ ಬಾಯಿ ದಾಟಿ ಹೊರಗೆ ಹೋಗುತ್ತಲೇ ಇದ್ದವು.