ಕೋದಂಡ ಗೇಮ್ಸಿನ ಕೈ

“ಬೆಳ್ಳು ಎಲ್ಲೋಯ್ತ್ಲಾ ಬೋಳಿಮಗ್ನೇ?”

ಕೋದಂಡಪ್ಪ ಗೌಡ ಕೆಳಗೆ ನಿಂತು ಹೀಗೆ ಕೇಳಿದಾಗ ನಾನು ಏಣಿಯ ಮೇಲಿದ್ದೆ. ಬಂಗಾರಪೇಟೆ ಸ್ಟೇಷನ್ನಿನ ಹಿಂದೆ ಅವನದೊಂದು ಹಳೆಯ ಕಡ್ಲೆಕಾಯಿ ಗೋಡೌನು. ಎಂಬತ್ತೇಳನೇ ಇಸವಿಯಲ್ಲಿ ಅದಕ್ಕೆ ಸುಣ್ಣ ಹೊಡೆಸಿ, ಹಾವು-ಏಣಿ, ಲೂಡೋ, ಚೌಕಾಬಾರ ಮಾಡಿ ಮಾರುವ ‘ಕೋದಂಡ ಗೇಮ್ಸ್’ ಎಂಬ ಕಂಪನಿ ತೆರೆಯಲು ಹೊರಟಿದ್ದ. ಬಾಗಿಲ ಮೇಲಿನ ಆರಡಿ ತಗಡಿಗೆ ಕಂಪನಿಯ ಗುರುತು ಬರೆಯುವ ಕೆಲಸ ನನ್ನದು. ಏಣಿಯನ್ನೂ ನಮ್ಮ ಕೇರಿಯಿಂದ ನಾನೇ ಹೊತ್ತು ತಂದಿದ್ದೆ. ಗೌಡನ ಏಣಿ ಗೋಡೌನಿನ ಒಳಗಿತ್ತು, ಒಳಗೆ ಹೋಗಿ ತರುವ ಜಾತಿ ನನ್ನದಲ್ಲ.

ಗುರುತು ಎಂದರೆ ಒಂದು ಕೈ. ಕವಡೆ ಎಸೆದ ಕೈ, ಅದರ ಕೆಳಗೆ ಗಾಳಿಯಲ್ಲಿ ನಾಲ್ಕು ಕವಡೆ. ಆ ಕೈಯ ತೋರುಬೆರಳು ಅರ್ಧಕ್ಕೇ ನಿಂತಿತ್ತು. ಗೌಡ ಕೇಳಿದ್ದು ಆ ಬೆರಳನ್ನೇ.

ಕಾಗದದ ಮೇಲೆ ನೋಡಿದಾಗ ಇದೇ ಗೌಡ ಭೇಷ್ ಎಂದಿದ್ದ. ಕೈ ಕಂಡ ಕೂಡಲೇ ಮೊದಲು ಇದೇನು ಓಟಿನ ಗುರುತೋ ಎಂದು ಅನುಮಾನಪಟ್ಟ. ಕವಡೆ ನೋಡಿದ ಮೇಲೆ ಸಮಾಧಾನವಾಯಿತು. ಇದೇ ಇರಲಿ, ಪೆಟ್ಟಿಗೆಗಳಿಗೂ ಇದನ್ನೇ ಅಚ್ಚು ಹಾಕಿಸೋಣ ಎಂದ. ಅಷ್ಟು ಚಿಕ್ಕ ಚಿತ್ರದಲ್ಲಿ ಬೆರಳು ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಕಣ್ಣಿಗೂ ಬೀಳಲಿಲ್ಲ ಎಂದರೆ ನಂಬುತ್ತೀರಾ? ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ.

ರಾಬರ್ಟ್‌ಸನ್‌ಪೇಟೆಯಲ್ಲಿ ನನಗೆ ಬ್ರಷ್ ಹಿಡಿಯುವುದನ್ನು ಕಲಿಸಿದ ಕುಪ್ಪುಸ್ವಾಮಿ, ಕಣ್ಣೆದುರು ಇಟ್ಟುಕೊಳ್ಳದೆ ಏನನ್ನೂ ಬರೆಯಬೇಡ ಎನ್ನುತ್ತಿದ್ದ. ಅದಕ್ಕೇ ನಮ್ಮಮ್ಮ ಕದಿರಮ್ಮನನ್ನು ಹೊಸ್ತಿಲ ಬಳಿ ಕೂರಿಸಿ ಹತ್ತು ಸಲ ಕವಡೆ ಹಾಕಿಸಿದೆ. ಅವಳ ಕೈ ಬರೆದೆ. ಅದನ್ನೇ ದೊಡ್ಡ ಕಾಗದಕ್ಕೆ ಇಳಿಸಿ, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಹೊಡೆದು, ತಗಡಿಗೆ ಅಂಟಿಸಿ, ಸೀಮೆಸುಣ್ಣದ ಪುಡಿ ತಟ್ಟಿದೆ. ನನಗೆ ಉಣ್ಣಿಸಿದ ಕೈ ಅದು, ತಲೆ ಬಾಚಿದ ಕೈ, ತಪ್ಪು ಮಾಡಿದಾಗ ಬೆನ್ನಿಗೆ ಬಾರಿಸಿದ ಕೈ. ನಾನು ಹುಟ್ಟಿದಾಗಿನಿಂದ ಅದರ ತೋರುಬೆರಳು ಅಷ್ಟೇ ಉದ್ದ. ಮಿಕ್ಕವರಿಗೆ ಪೂರ್ತಿ ಇರುತ್ತದೆ ಎನ್ನುವುದು ಬರೆಯುವಾಗ ನೆನಪಿಗೇ ಬರಲಿಲ್ಲ.

ಪೂಜೆಗೆ ಹನ್ನೊಂದೂವರೆಗೆ ಮುಹೂರ್ತ. ಬೆಂಗಳೂರಿನಿಂದ ಬಂದ ಇಬ್ಬರು ವ್ಯಾಪಾರಿಗಳು ಕುರ್ಚಿಯಲ್ಲಿ ಕೂತು ಬಾದಾಮಿ ಹಾಲು ಕುಡಿಯುತ್ತಿದ್ದರು. ಪುರೋಹಿತ ತಲೆಯೆತ್ತಿ ಬೋರ್ಡು ನೋಡಿ, ಊನವಾದ ಕೈ ಬಾಗಿಲ ಮೇಲಿದ್ದರೆ ಲಕ್ಷ್ಮಿ ಒಳಗೆ ಬರುವುದಿಲ್ಲ ಎಂದ. ಬಣ್ಣವೂ ಕಪ್ಪಾಯಿತು ಎಂದ. ನಾಲ್ಕು ಬಳೆಯೂ ಇದ್ದರೆ ಲಕ್ಷಣ ಎಂದ. ಗೌಡ ಎಲ್ಲಕ್ಕೂ ತಲೆಯಾಡಿಸಿದ. ಬೆರಳು ಸೇರಿಸು, ಬೆಳ್ಳಗೆ ಮಾಡು, ಬಳೆ ತೊಡಿಸು, ಅರ್ಧ ಗಂಟೆಯಲ್ಲಿ ಮುಗಿಸು, ನಿಮ್ಮಪ್ಪನ ಮನೆ ಗಂಟೇನು ಹೋಗುತ್ತೆ ಎಂದ.

ಗಂಟು ಹೋಗುವುದಿತ್ತು. ಅವನಿಗೆ ಗೊತ್ತಿರಲಿಲ್ಲ, ಅಷ್ಟೆ.

“ಆಗಲ್ಲ ಗೌಡ್ರೇ,” ಎಂದೆ. “ಆ ಕೈ ಇರೋದೇ ಅಂಗೆ.”

“ಯಾವ ಲೌಡಿ ಕೈಯ್ಲಾ ಅದು?”

ಅಷ್ಟರಲ್ಲಿ ಅಂಗಳ ಸಾರಿಸಲು ಅಮ್ಮ ಸಗಣಿ ಬಕೆಟ್ಟು ಹಿಡಿದು ಬಂದಳು. ನಾನು ಹುಟ್ಟುವುದಕ್ಕೂ ಮೊದಲಿನಿಂದ ಅವಳು ಗೌಡನ ಕೊಟ್ಟಿಗೆಯಲ್ಲಿ ಕೂಲಿ. ವ್ಯಾಪಾರಿಗಳಲ್ಲಿ ಕಿರಿಯವನು ಬಕೆಟ್ಟು ಹಿಡಿದ ಕೈ ನೋಡಿದ, ಬೋರ್ಡು ನೋಡಿದ, ಮತ್ತೆ ಕೈ ನೋಡಿದ. ಇಗೋ, ನಿಮ್ಮ ಕಂಪನಿ ಇಲ್ಲೇ ನಡೆದುಕೊಂಡು ಬಂತಲ್ಲ ಎಂದು ನಕ್ಕ.

ಗೌಡನ ಮುಖ ಇಷ್ಟಾಯಿತು. ತಕ್ಷಣ ಅವನೂ ನಕ್ಕುಬಿಟ್ಟ. ಈ ಜನವೇ ಹೀಗೆ, ಕುಡಿದು ಕುಡುಗೋಲಿನ ಮೇಲೆ ಬಿದ್ದಳು, ಆಸ್ಪತ್ರೆಗೆ ಸೇರಿಸಿದ್ದೂ ನಾನೇ ಎಂದು ಅವರಿಗೆ ಹೇಳಿ, ಅಮ್ಮನ ಕಡೆ ತಿರುಗಿದ.

“ಏನ್ಲೇ ಕದಿರಿ, ನಿನ್ ಮಗಂಗೆ ಏಳು. ಬೆಳ್ಳು ಬರೀಲಿಲ್ಲ ಅಂದ್ರೆ ನಾಳೆಯಿಂದ ಕೊಟ್ಗೆ ತಾವ ಕಾಲಿಕ್ಬೇಡ.”

ನನಗೆ ತಿಂಗಳಿಗೊಂದು ಬೋರ್ಡು ಸಿಕ್ಕರೆ ಹೆಚ್ಚು. ಒಲೆ ಉರಿಯುತ್ತಿದ್ದುದು ಅಮ್ಮನ ಕೊಟ್ಟಿಗೆ ಕೂಲಿಯಿಂದ. ಅದು ನನಗೆ ಗೊತ್ತು, ಗೌಡನಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಳು ಹೊಟ್ಟೆ! ಬಿಳಿ ಬಣ್ಣಕ್ಕೆ ಬ್ರಷ್ ಅದ್ದಿದೆ. ಸುಳ್ಳು ಯಾಕೆ ಹೇಳಲಿ, ಅದ್ದಿದೆ. ಬೆರಳ ತುದಿಗೆ ಬ್ರಷ್ ತಾಗುವಷ್ಟು ಹತ್ತಿರ ಕೈ ಹೋಗಿತ್ತು.

“ಬ್ಯಾಡ ಕಣಪ್ಪ, ಇಳಿ,” ಎಂದಳು ಅಮ್ಮ.

ಬಕೆಟ್ಟು ಕೆಳಗಿಟ್ಟಳು. ಕೂಗಾಡಲಿಲ್ಲ, ಅಳಲಿಲ್ಲ. ಗೌಡನನ್ನು ನೋಡಲೂ ಇಲ್ಲ. ಕುರ್ಚಿಯಲ್ಲಿದ್ದವರಿಗೆ ಹೇಳಿದಳು:

“ಕುಡ್ದಿರ್ಲಿಲ್ಲ ಸಾಮಿ. ಬಸ್ರಿ ನಾನು, ಇವ್ನು ಒಟ್ಟೇಲಿದ್ದ. ಇವ್ರ ಮೇವು ಕತ್ತರ್ಸೋ ಮಿಸನ್ನಿಗೆ ಉಲ್ಲು ಕೊಡ್ತಿದ್ದೆ. ಚಕ್ರ ತಿರುಗಿಸ್ತಿದ್ದೋರು ಇವ್ರೇ. ಕೈ ಸಿಗಾಕ್ಕೊಂಡೈತೆ ನಿಲ್ಸಿ ಅಂದೆ. ನಗ್ತಾ ಇನ್ನೊಂದು ಸುತ್ತು ತಿರುಗಿಸಿದ್ರು. ಬೆಳ್ಳು ಉಡುಕ್ಕೊಡಿ ಅಂದ್ರೆ, ಮೇವಿನ ಜತೆ ಎಮ್ಮೆ ತಿಂದೈತೆ ಓಗು ಅಂದ್ರು.”

ಇಪ್ಪತ್ತಾರು ವರ್ಷ ನನಗೂ ಅವಳು ಕುಡುಗೋಲು ಎಂದೇ ಹೇಳಿಕೊಂಡು ಬಂದಿದ್ದಳು. ಇಷ್ಟು ದಿನ ಆ ಗೌಡನ ಮುಂದೆ ತಲೆ ತಗ್ಗಿಸಿ ನಿಂತಿದ್ದೆನಲ್ಲ ಎಂದು ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಕಿರಿಯ ವ್ಯಾಪಾರಿ ಲೋಟ ಕೆಳಗಿಟ್ಟ. ಪುರೋಹಿತ ಮುಹೂರ್ತ ಮೀರುತ್ತದೆ ಎಂದು ಗೊಣಗಿದ.

ಗೌಡ ಬಕೆಟ್ಟಿಗೆ ಒದ್ದ. ಸಗಣಿ ಅಮ್ಮನ ಸೀರೆಗೂ ಮುಖಕ್ಕೂ ಸಿಡಿಯಿತು.

“ಬಾಯ್ ಮುಚ್ಕೊಂಡು ಬಾಚೇ ಮುಂಡೆ.”

ಅಮ್ಮ ಬಾಚಲಿಲ್ಲ. ಏಣಿಯ ಬುಡದಲ್ಲಿದ್ದ ನನ್ನ ಕಂದು ಬಣ್ಣದ ಡಬ್ಬಕ್ಕೆ ಮಣಿಕಟ್ಟಿನವರೆಗೆ ಕೈ ಅದ್ದಿದಳು. ಹೊಸ ಸುಣ್ಣದ ಗೋಡೆಗೆ ಪಟ್ಟನೆ ಬಾರಿಸಿದಳು. ಮತ್ತೆ ಅದ್ದಿ ಬಾಗಿಲಿಗೆ ಬಾರಿಸಿದಳು. ಡಬ್ಬ ಎತ್ತಿಕೊಂಡು ಹೊಸ್ತಿಲು ದಾಟಿ ಒಳಗೆ ಹೋಗಿ, ಸಾಲಾಗಿ ಪೇರಿಸಿದ್ದ ಬಿಳಿ ಪೆಟ್ಟಿಗೆಗಳ ಮೇಲೆ ಒಂದೊಂದಕ್ಕೂ ಕೈ ಒತ್ತುತ್ತಾ ಹೋದಳು. ಒಳಗೆ ಬಂದಳು, ಮುಟ್ಟಿಬಿಟ್ಟಳು ಎಂದು ಪುರೋಹಿತ ಕಿರುಚಿದ. ಗೌಡ ಹಿಡಿಯಲು ಹೋದ, ಅವನ ಜುಬ್ಬದ ಎದೆಗೂ ಒಂದು ಬಿತ್ತು. ನಾಲ್ಕೂವರೆ ಬೆರಳು.

ಗೌಡನ ಆಳುಗಳು ದೊಣ್ಣೆ ಹಿಡಿದು ರಸ್ತೆ ದಾಟಿ ಬರುತ್ತಿದ್ದರು. ಅಮ್ಮ ಹೊರಗೆ ಬಂದು ಡಬ್ಬಕ್ಕೆ ಕೈ ಹಾಕಿದರೆ ತಳ ಸವರಿತು. ನಾನು ಏಣಿಯಿಂದ ಇಳಿದು, ಇನ್ನೊಂದು ಡಬ್ಬದ ಮುಚ್ಚಳ ಮೀಟಿ ತೆಗೆದು ಅವಳ ಮುಂದಿಟ್ಟೆ.