ಮೊದಲು ಸಹಿ, ಆಮ್ಯಾಲ ಠರಾವು

"ಸಹಿ ಮಾಡ್ಲಿಕ್ಕಿ ನೀ ಯಾರ ಬೇ? ನಿಮ್ಮಪ್ಪ ಏನ್ ಆರ್ಡರ್ ಬರದು ಕೊಟ್ಟಾನ?"

ಗುರುಲಿಂಗಯ್ಯ ಸರ್ ಬೈಕಿನಿಂದ ಇಳಿದೂ ಇರಲಿಲ್ಲ. ಒಂದು ಕಾಲು ನೆಲಕ್ಕೂರಿ, ಎಂಜಿನ್ ಚಾಲೂ ಇಟ್ಟುಕೊಂಡೇ ಒದರುತ್ತಿದ್ದರು. ಕೈಯಲ್ಲಿ ನಾನು ಹಿಂದಿನ ವಾರ ನಮ್ಮ ವಸ್ತಿಯ ದಶರಥನ ಮಗಳಿಗೆ ಬರೆದುಕೊಟ್ಟ ಕಾಗದ. ಈ ಹುಡುಗಿ ನಮ್ಮ ಶಾಲೆಯಲ್ಲಿ ಐದನೇ ತರಗತಿ ಓದುತ್ತಿದ್ದಾಳೆ ಎಂದು ಎರಡು ಸಾಲು. ಕೆಳಗೆ 'ಮುಖ್ಯ ಗುರುಗಳ ಪರವಾಗಿ' ಎಂದು ಬರೆದು, ಶಿವಗಂಗಾ ಅಂತ ನನ್ನ ಸಹಿ. ವಿದ್ಯಾರ್ಥಿವೇತನದ ಅರ್ಜಿಗೆ ಅವತ್ತೇ ಕೊನೆಯ ದಿನವಾಗಿತ್ತು. ಸರ್ ಫೋನು ಎತ್ತಿರಲಿಲ್ಲ.

"ಅವತ್ತೇ ಆಖರಿ ದಿನ ಇತ್ರಿ ಸರ್..."

"ಇದ್ರ ಇರ್ಲಿ! ಗೆಸ್ಟ್ ಟೀಚರ್ ಅದಿ ನೀ. ಮಾರ್ಚ್ ಬಂದ್ರ ಮನಿಗಿ ಹೋಗಾಕಿ. ಕಲ್ಲ ಒಡಿಯೋ ವಡ್ಡರ ಹುಡುಗಿಗಿ ನಾಕ ಅಕ್ಷರ ಬಂದ್ರ ಹೆಡ್ ಮಾಸ್ತರ ಆಗ್ತಾಳೇನು?"

ಕಾಗದವನ್ನು ಮೊದಲು ಎರಡು ತುಂಡು ಮಾಡಿದರು, ಆಮೇಲೆ ನಾಲ್ಕು. ಮೂವತ್ತೊಂದು ಮಕ್ಕಳು ನೋಡುತ್ತಿದ್ದರು. ದಶರಥನ ಮಗಳು ಎದ್ದು ಬಂದು ತುಂಡುಗಳನ್ನು ಆರಿಸಿಕೊಂಡಳು. ಸಿಟ್ಟು ಬಂದಿತ್ತು, ಬಾಯಿಂದ ಬಂದದ್ದು ಮಾತ್ರ "ತಪ್ಪಾಯ್ತ್ರಿ ಸರ್" ಅಂತ. ಇವತ್ತಿಗೂ ಆ ಮಾತು ನೆನೆದರೆ ನನ್ನ ಮೇಲೆ ನನಗೇ ಹೇಸಿಕೆ ಬರುತ್ತದೆ.

ನಮ್ಮದು ಶಹಾಬಾದಕ್ಕೂ ವಾಡಿಗೂ ನಡುವೆ ಇರುವ ಖಣಿ ಕೆಲಸದವರ ವಸ್ತಿ. ಶಾಲೆಗೆ ಎರಡು ಕೋಣೆ, ಒಂದು ಪಡಸಾಲೆ. ಹೆಡ್ ಮಾಸ್ತರು ನಿವೃತ್ತಿಯಾಗಿ ಮೂರು ವರ್ಷ. ಅವರ ಜಾಗಕ್ಕೆ ಯಾರೂ ಬರಲಿಲ್ಲ. ರೈಲು ಹಳಿಯಾಚೆಯ ಊರಿನ ಶಾಲೆಯ ಗುರುಲಿಂಗಯ್ಯ ಸರ್‌ಗೆ ನಮ್ಮ ಚಾರ್ಜ್ ಕೊಟ್ಟರು. ಅವರಿಗೆ ಅವರ ಶಾಲೆಯೊಂದು, ಗುಂಡಗುರ್ತಿ ಕಡೆಯದೊಂದು, ನಮ್ಮದೊಂದು. ಶಾಲೆಯ ಮೊಹರು, ದಾಖಲಾತಿ ಪುಸ್ತಕ, ಶಾಲಾ ಸಮಿತಿಯ ಠರಾವು ಪುಸ್ತಕ ಎಲ್ಲ ಅವರ ಬೈಕಿನ ಚೀಲದಲ್ಲಿ. ತಿಂಗಳಿಗೆ ಎರಡು ಸಲ ಬಂದರೆ ಹೆಚ್ಚು. ಬೀಗ ತೆಗೆಯುವುದು, ಐದು ತರಗತಿ ಕಲಿಸುವುದು, ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಹೊತ್ತೊಯ್ಯುವುದು ಎಲ್ಲ ನಾನೇ.

ಬಂದಾಗ ಅವರು ಮಾಡುವ ಕೆಲಸ ಒಂದಿತ್ತು. ಮಕ್ಕಳ ಬಿಸಿಯೂಟವನ್ನು ಹೆಡ್ ಮಾಸ್ತರು ಮೊದಲು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ಅಡುಗೆಯ ಹಮೀದಾಬೇಗಂ ತಾಟು ಹಿಡಿದು ನಿಂತರೆ "ಅಲ್ಲೇ ಇಡು, ಅಲ್ಲೇ ಇಡು" ಎಂದು ದೂರದಿಂದಲೇ ಕೈ ಮಾಡುತ್ತಿದ್ದರು. ತುತ್ತು ಮುಟ್ಟುತ್ತಿರಲಿಲ್ಲ. ಹದಿನೈದು ದಿನಕ್ಕೆ ಸೇರಿಸಿ 'ರುಚಿಯಾಗಿತ್ತು' ಎಂದು ಹದಿನೈದು ಸಹಿ ಹಾಕಿ, ತಾವು ತಂದ ಬಾಟಲಿಯ ನೀರು ಕುಡಿದು ಹೋಗುತ್ತಿದ್ದರು.

ಕಾಗದ ಹರಿದ ಮೇಲೆ ಅವರ ದನಿ ಇಳಿಯಿತು. ಚೀಲದಿಂದ ಠರಾವು ಪುಸ್ತಕ ತೆಗೆದು ಒಂದು ಖಾಲಿ ಹಾಳೆ ತೋರಿಸಿದರು.

"ನೋಡು, ನನಗೂ ಮೂರು ಸಾಲಿ ಹೊತ್ತು ಹೊತ್ತು ನಡ ಮುರದದ. ನಿಮ್ಮ ಸಾಲಿಗಿ ಖಾಯಂ ಹೆಡ್ ಮಾಸ್ತರ ಬೇಕಂತ ಠರಾವು ಮಾಡಿ ಕಳಸೂನು. ಎಲ್ಲಾರ ಸಹಿ, ಹೆಬ್ಬೆಟ್ಟ ಹಾಕ್ಸಿ ಇಡು. ಮ್ಯಾಲಿಂದು ನಾ ಬರಕೋತೀನಿ."

ನನಗೆ ಖುಷಿಯಾಯಿತು. ಅನುಮಾನ ಬರಲೇ ಇಲ್ಲ. ನಮ್ಮಲ್ಲಿ ಠರಾವು ಆಗುವ ರೀತಿಯೇ ಅದು: ಮೊದಲು ಸಹಿ, ಆಮೇಲೆ ಠರಾವು. ಹಗಲು ಸಭೆಗೆ ಬಂದರೆ ಖಣಿಯ ಹಾಜರಿ ಹೋಗುತ್ತದೆ. ಅದಕ್ಕೇ ಪುಸ್ತಕವೇ ಖಣಿಗೆ ಬರುತ್ತದೆ. ಹೊಸ ತಗಡು ಹಾಕಿಸಿದ್ದೂ ಹೀಗೇ, ಕೊಳವೆಬಾವಿ ಕೇಳಿದ್ದೂ ಹೀಗೇ.

ಪುಸ್ತಕ, ಮಸಿಪ್ಯಾಡು ಹಿಡಿದು ಖಣಿಗೆ ಇಳಿದೆ. ರಮೇಶಕುಮಾರ ಮಾಲಕರ ಖಣಿ ಅದು. ಅಗೆಯುತ್ತಾ ಅಗೆಯುತ್ತಾ ನಮ್ಮ ಶಾಲೆಯ ಹಿಂದಿನ ಗೋಡೆಗೆ ಹತ್ತು ಹೆಜ್ಜೆ ಹತ್ತಿರ ಬಂದಿತ್ತು. ಶಾಲೆಯ ಕೆಳಗೆ ನೆಲಕ್ಕೆ ಹಾಸುವ ಚೊಕ್ಕ ಫರ್ಸಿ ಕಲ್ಲಿದೆ ಎಂದು ಎಲ್ಲರಿಗೂ ಗೊತ್ತು.

"ನಮ್ಮ ಶಿವಗಂಗಾ ತಂದಾಳಂದ್ರ ಕೇಳೂದೇನದ?" ಎಂದು ಖಂಡೆಪ್ಪ ಕಾಕಾ ಮೊದಲು ಹೆಬ್ಬೆಟ್ಟು ಒತ್ತಿದ. ಶಾಲಾ ಸಮಿತಿಗೆ ಅವನೇ ಅಧ್ಯಕ್ಷ. ಕಲ್ಲು ಕಡೆದು ಕಡೆದು ಅವನ ಹೆಬ್ಬೆಟ್ಟಿನ ಗೆರೆಗಳು ಸವೆದು ಹೋಗಿವೆ, ಹಾಳೆಯ ಮೇಲೆ ಬರೀ ಕರೀ ಮಚ್ಚೆ ಮೂಡಿತು.

ಕೊನೆಗೆ ನಮ್ಮವ್ವ. ಸಾಬಮ್ಮ ಅಂದರೆ ಆ ಖಣಿಯಲ್ಲಿ ಗಂಡಸರೂ ಹಿಂದೆ ಸರಿಯುತ್ತಾರೆ. ಅವಳು ಹಾಳೆಯನ್ನು ದಿಟ್ಟಿಸಿ ನೋಡಿದಳು.

"ಮ್ಯಾಲ ಇಷ್ಟ ಜಾಗ ಖಾಲಿ ಅದಲ್ಲ ಯವ್ವಾ?"

"ಸರ್ ಆಮ್ಯಾಲ ಬರೀತಾರ. ನಿನಗೇನ್ ತಿಳೀತದ, ಸುಮ್ಕ ಒತ್ತು."

ಅಯ್ಯೋ, ನನ್ನ ಬುದ್ಧಿಗೆ ಬೆಂಕಿ ಬೀಳ. ಅವ್ವ ಒತ್ತಿದಳು.

ಮೂರು ವಾರದ ಮೇಲೆ ಶನಿವಾರ ಮಧ್ಯಾಹ್ನ ಶಾಲೆಯ ಮುಂದೆ ಪ್ಲಾಸ್ಟಿಕ್ ಖುರ್ಚಿ ಬಂದವು. ಖುರ್ಚಿಯ ಮೇಲೆ ಶಿಕ್ಷಣ ಇಲಾಖೆಯ ಕ್ಲಸ್ಟರಿನ ಅಧಿಕಾರಿ ಸಂತೋಷಕುಮಾರ ಸಾಹೇಬರು, ಗುರುಲಿಂಗಯ್ಯ ಸರ್, ರಮೇಶಕುಮಾರ ಮಾಲಕರು. ನೆಲದ ಮೇಲೆ ನಾವು. ಮಾಲಕರೇ ಅವತ್ತು ಖಣಿ ಅರ್ಧ ದಿನ ಬಂದ್ ಮಾಡಿಸಿದ್ದರು.

ಸಾಹೇಬರು ಬೆರಳು ಮಡಚುತ್ತಾ ಹೇಳಿದರು: "ಹೆಡ್ ಮಾಸ್ತರ ಇಲ್ಲದ ಸಣ್ಣ ಸಾಲಿಗಿ ಮೂರೇ ದಾರಿ. ಒಂದು, ಸರ್ ಅವರೇ ಚಾರ್ಜ್ ಇಟಗೊಬೇಕು. ಅವರ ಕಡಿಂದ ಆಗಂಗಿಲ್ಲ. ಎರಡು, ಬ್ಯಾರೆ ಕಡಿಂದ ಯಾರರ ಬರಬೇಕು. ಇಲ್ಲಿಗಿ ಯಾರೂ ಒಪ್ಪಂಗಿಲ್ಲ. ಮೂರು, ಹಳಿ ಆಚಿನ ಸಾಲಿಗಿ ಸೇರಸೂದು. ನೀವು ಮೂರನೇದು ಒಪ್ಪೀರಿ. ಭಾಳ ಚಲೋ ಮಾಡೀರಿ."

ಯಾವಾಗ ಒಪ್ಪಿದೆವು ಎಂದು ಯಾರಿಗೂ ತಿಳಿಯಲಿಲ್ಲ. ಸಾಹೇಬರು ಠರಾವು ಪುಸ್ತಕ ತೆರೆದು ಓದಿದರು. ಸದರಿ ಶಾಲೆಯನ್ನು ಮುಚ್ಚಿ ಮಕ್ಕಳನ್ನು ವಿಲೀನಗೊಳಿಸಲು ಕೆಳಗೆ ಸಹಿ ಮಾಡಿದ ಪಾಲಕರು ಹಾಗೂ ನಿವಾಸಿಗಳು ಸರ್ವಾನುಮತದಿಂದ ಒಪ್ಪಿದ್ದೇವೆ. ಇಪ್ಪತ್ತೇಳು ಸಹಿ, ಹೆಬ್ಬೆಟ್ಟು. ನಾನು ಹಾಕಿಸಿಕೊಂಡು ಬಂದದ್ದು. ಮೇಲೆ ಖಾಲಿ ಇದ್ದ ಜಾಗದಲ್ಲಿ ಗುರುಲಿಂಗಯ್ಯ ಸರ್ ಅವರ ದುಂಡನೆಯ ಅಕ್ಷರ.

ಎಲ್ಲರ ಕಣ್ಣು ನನ್ನ ಮೇಲೆ ಬಿದ್ದವು. ನೆಲ ಬಾಯಿ ಬಿಟ್ಟಿದ್ದರೆ ಇಳಿದು ಹೋಗುತ್ತಿದ್ದೆ.

ದಶರಥ ಊರುಗೋಲು ಊರಿ ಎದ್ದ. "ಹಳಿ ಆಚಿ? ಅಲ್ಲಿ ಗೂಡ್ಸ್ ಗಾಡಿ ತಾಸಗಟ್ಲೆ ನಿಂತಿರ್ತಾವ್ರಿ. ಸಾಲಿ ಪಾರಗೋಳು ಡಬ್ಬಿ ಕೆಳಗ ತೆವಳಿ ದಾಟಬೇಕು. ನನ್ನ ಕಾಲ ಎಲ್ಲಿ ಹೋಯ್ತು ಗೊತ್ತದೇನ್ರಿ? ಅಲ್ಲೇ. ನಾ ಕೆಳಗ ಇದ್ದಾಗನೇ ಗಾಡಿ ಬಿಟ್ರು."

"ಕುಡದು ದಾಟಿರಬೇಕು ನೀ," ಎಂದರು ಮಾಲಕರು. "ನಾ ಟಂಟಂ ಆಟೋ ಮಾಡಿ ಕೊಡ್ತೀನಿ, ರೈಲ್ವೆ ಗೇಟಿನ ಕಡಿಂದ ಹೋಗ್ಲಿ."

"ಎಷ್ಟ ದಿನಾ ಕೊಡ್ತೀರಿ ಮಾಲಕ್ರ?" ನಮ್ಮವ್ವ ಕೇಳಿದಳು. "ಖಣಿದಾಗ ಕುಡಿಯೋ ನೀರಿನ ಟ್ಯಾಂಕರ್ ಕೊಡ್ತೀನಿ ಅಂದಿದ್ರಿ. ನಾಕ ದಿನಾ ಬಂತು."

"ಏ ಮುದಕಿ, ಬಾಯಿ ಮುಚ್ಚು! ಹೆಬ್ಬೆಟ್ಟ ಒತ್ತೋವಾಗ ಕಣ್ಣ ಕುಂಡಿಗಿ ಇಟ್ಕೊಂಡಿದ್ರೇನು?"

ನಾನು ಎದ್ದು ನಿಂತೆ. "ನಾನೇ ಒತ್ತಿಸೀನ್ರಿ ಸಾಹೇಬ್ರ. ಅವಾಗ ಹಾಳಿ ಖಾಲಿ ಇತ್ತು. ಹೆಡ್ ಮಾಸ್ತರ ಬೇಕಂತ ಬರೀತೀನಿ ಅಂದಿದ್ರು ಸರ್. ಕೇಳ್ರಿ ಅವ್ರಿಗಿ."

ಗುರುಲಿಂಗಯ್ಯ ಸರ್ ಬಾಟಲಿಯ ಮುಚ್ಚಳ ತಿರುವುತ್ತಾ ಕುಳಿತರು.

"ನಾಕನೇ ದಾರಿ ಇಲ್ಲೇನ್ರಿ?" ಖಂಡೆಪ್ಪ ಕಾಕಾ ಅಂದ. "ಮೂರ ವರ್ಷ ಈಕಿನೇ ನಡಸ್ಯಾಳ. ಹೆಡ್ ಮಾಸ್ತರ ಬರೋತನಕ ಈಕಿಗೇ ಕೊಡ್ರಿ."

ಖುರ್ಚಿಯ ಮೇಲಿನವರು ನಕ್ಕರು. ಸಾಹೇಬರು "ನಿಯಮದಾಗ ಇಲ್ಲ" ಎಂದು ಪುಸ್ತಕ ಮುಚ್ಚಿದರು. ಸೋಮವಾರ ಟ್ರ್ಯಾಕ್ಟರ್ ತಂದು ಸಾಮಾನು ಒಯ್ಯುತ್ತೇವೆ ಎಂದರು. ಅಡ್ಡ ಬಂದವನು ತನ್ನ ಖಣಿಯಲ್ಲಿ ಚಾಣ ಹಿಡಿಯಬಾರದು ಎಂದರು ಮಾಲಕರು.

ಅವರು ಹೋದ ಮೇಲೆ ಖಂಡೆಪ್ಪ ಕಾಕಾ ನನ್ನ ಕಾಲಬಳಿ ಉಗುಳಿದ. "ನಂಬಿದ್ವಲ್ಲ ಬೇ ನಿನಗ. ಓದಿದ ರಂಡಿ, ನಮ್ಮ ಕುತ್ತಿಗಿನೇ ಕೊಯ್ದಿ." ನಾನು ಅತ್ತೆ. ಅವನು ಅಂದದ್ದರಲ್ಲಿ ಸುಳ್ಳೇನಿತ್ತು?

ಅವತ್ತು ಸಂಜೆ ಅವ್ವ ರೊಟ್ಟಿ ಬಡಿದು ತಾಟಿಗೆ ಹಾಕಿ ನನ್ನ ಮುಂದೆ ನೂಕಿದಳು. ನಾನು ಮುಟ್ಟದೇ ಕೂತದ್ದು ನೋಡಿ ಕಡೆಗೊಮ್ಮೆ ಸಿಡುಕಿದಳು.

"ಉಣ್ಣು. ನಾಳಿ ಕೆಲಸ ಅದ. ಈ ಸರ್ತಿ ಮೊದಲ ಬರಿ. ಆಮ್ಯಾಲ ನಾವು ಸಹಿ ಹಾಕ್ತೀವಿ."

"ಎದರ ಮ್ಯಾಲ ಬರೀಲಿ ಯವ್ವಾ? ಠರಾವು ಪುಸ್ತಕ ಅವರ ಚೀಲದಾಗ ಅದ. ಬ್ಯಾರೆ ಹಾಳಿ ಮ್ಯಾಲ ಬರದ್ರ ಹರಿದು ಒಗೀತಾರ."

"ಹಾಳಿ ಮ್ಯಾಲ ಬರಿ ಅಂತ ಯಾರ ಅಂದ್ರು ನಿನಗ?"

ಆದಿತ್ಯವಾರ ಖಣಿಗೆ ಸೂಟಿ. ನಮ್ಮಪ್ಪ ಸಾಯುವ ಮೊದಲು ಮನೆಯ ಕಟ್ಟೆಗೆಂದು ತೆಗೆದಿಟ್ಟ ಫರ್ಸಿ ಒಂದು ಅಂಗಳದಲ್ಲಿ ಹಾಗೇ ಇತ್ತು, ನಾಲ್ಕು ಅಡಿ ಅಗಲ, ಆರು ಅಡಿ ಉದ್ದ. ಅವ್ವ ಅದನ್ನು ತೊಳೆದಳು. ಆಮೇಲೆ ಮನೆಮನೆಗೆ ಹೋಗಿ ಏನು ಅಂದಳೋ, ಬೈದಳೋ, ಮೊದಲು ದಶರಥ ಬಂದ, ಹಿಂದಿಂದ ಒಬ್ಬೊಬ್ಬರೇ ಬಂದರು. ಕೊನೆಗೆ ಖಂಡೆಪ್ಪ ಕಾಕಾ ಚಾಣ, ಸುತ್ತಿಗೆ ತಂದು ಮುಖ ಆ ಕಡೆ ಮಾಡಿಕೊಂಡು ಕೂತ.

ನಾನು ಬಳಪದಿಂದ ಬರೆದೆ. ಬರೆಯುವ ಮೊದಲು ಪ್ರತಿ ಸಾಲನ್ನೂ ಕೂಗಿ ಹೇಳಿದೆ. ಈ ಶಾಲೆ ಇಲ್ಲಿಂದ ಕದಲುವುದಿಲ್ಲ. ದಿನಾ ಬರುವ, ನಮ್ಮ ಮಕ್ಕಳ ತಾಟಿನಲ್ಲಿ ಉಣ್ಣುವ ಹೆಡ್ ಮಾಸ್ತರು ಬೇಕು. ಅವರು ಬರುವ ತನಕ ಶಾಲೆಯನ್ನು ಶಿವಗಂಗಾ ನಡೆಸುತ್ತಾಳೆ. ತಾಟಿನ ಮಾತು ಹಮೀದಾಬೇಗಂ ಸೇರಿಸಿದ್ದು. "ಅದು ಬರ್ದೇ ಬರೀಬೇಕು ಬೇಟಿ, ನನ್ನ ಅಡಗಿ ಮುಖ ನೋಡಿ ಮೂರ ವರ್ಷ ಸಹಿ ಮಾಡ್ಯಾನ ಆ ಅಯ್ಯ," ಎಂದಳು.

"ಸಂದ ಬಿಡಬ್ಯಾಡ," ಎಂದ ಖಂಡೆಪ್ಪ ಕಾಕಾ. "ಮ್ಯಾಲಿಂದ ಮುಗೀತಲೇ ಹೆಸರ ಚಾಲೂ ಆಗ್ಬೇಕು. ನಡು ಒಂದ ಬಟ್ಟ ಜಾಗಾನೂ ಇರಬಾರ್ದು." ಅಷ್ಟು ಹೊತ್ತಿಗೆ ಅವನು ನನ್ನ ಮುಖ ನೋಡಿ ಮಾತಾಡಿದ್ದ.

ಹೆಬ್ಬೆಟ್ಟು ಒತ್ತಿದವರ ಹೆಸರನ್ನು ನಾನು ಬಳಪದಲ್ಲಿ ಬರೆದುಕೊಟ್ಟೆ, ಅದರ ಮೇಲೆ ಅವರವರೇ ಚಾಣ ಇಟ್ಟು ಕೊರೆದರು. ಪೆನ್ನು ಕೊಟ್ಟರೆ ಬೆವರುತ್ತಿದ್ದ ಕೈಗಳು ಎಂಥ ಸರಾಗವಾಗಿ ಓಡಿದವು! ಖಂಡೆಪ್ಪ ಕಾಕಾ ತನ್ನ ಹೆಸರಿನ ಮೇಲೆ ಕೈಯಾಡಿಸಿ "ಇದು ನಾನೇನು?" ಎಂದು ಎರಡು ಸಲ ಕೇಳಿದ. ಕೊನೆಯ ಹೆಸರಿನ ಕೆಳಗೆ ಒಂದು ಗೇಣು ಜಾಗ ಬಿಟ್ಟು 'ಮುಖ್ಯ ಗುರುಗಳ ಸಹಿ' ಎಂದು ಕೊರೆಸಿದೆ.

ಸೋಮವಾರ ಮುಂಜಾನೆ ಎಂಟು ಮಂದಿ ಅದನ್ನು ಹೊತ್ತು ತಂದು ಶಾಲೆಯ ಬಾಗಿಲಿಗೆ ಅಡ್ಡ ನಿಲ್ಲಿಸಿದರು. ಹತ್ತಕ್ಕೆ ಟ್ರ್ಯಾಕ್ಟರ್ ಬಂತು. ಹಿಂದೆ ಮಾಲಕರ ಜೀಪು, ಬೈಕಿನ ಮೇಲೆ ಗುರುಲಿಂಗಯ್ಯ ಸರ್, ಅವರ ಹಿಂದೆ ಸಾಹೇಬರು.

ಸಾಹೇಬರು ಮೇಲಿನಿಂದ ಕೆಳಗಿನವರೆಗೆ ಓದಿದರು. "ಇದನ್ನ ಫೈಲಿಗಿ ಹ್ಯಾಂಗ ಹಚ್ಚಲಿ?" ಎಂದರು, ಖರೇ ಖರೇ ಕೇಳುವಂತೆ.

"ಫೈಲಂತ ಫೈಲು! ಒಡೀರ್ಲೇ ಅದನ್ನ!" ಮಾಲಕರು ತಮ್ಮ ಆಳುಗಳಿಗೆ ಕೂಗಿದರು. ಆಳುಗಳು ಅಂದರೆ ಯಾರು? ಆ ಕಲ್ಲಿನ ಮೇಲೆ ಹೆಸರಿದ್ದವರೇ. ಯಾರೂ ಕೈ ಎತ್ತಲಿಲ್ಲ.

"ಸೂಳೇಮಕ್ಳು, ನನ್ನ ಅನ್ನ ತಿಂದು..." ಎನ್ನುತ್ತಾ ಮಾಲಕರು ತಾವೇ ಟ್ರ್ಯಾಕ್ಟರಿನಿಂದ ದೊಡ್ಡ ಸುತ್ತಿಗೆ ತೆಗೆದರು. ಹಿಡಿ ಎಲ್ಲಿ ಹಿಡಿಯಬೇಕೋ ಗೊತ್ತಿರಲಿಲ್ಲ. ಬೀಸಿದ ಪೆಟ್ಟು ಮೂಲೆಗೆ ಬಿದ್ದು ಒಂದು ಚಕ್ಕೆ ಹಾರಿತು, ಸುತ್ತಿಗೆ ಕೈಯಿಂದ ಜಾರಿ ಅವರ ಬೂಟಿನ ಮೇಲೇ ಬಿತ್ತು. ಹಮೀದಾಬೇಗಂ ಕಿಸಕ್ಕನೆ ನಕ್ಕಳು. ಆಮೇಲೆ ಮಕ್ಕಳು ನಕ್ಕರು. ಆಮೇಲೆ ಖಣಿಗೆ ಖಣಿಯೇ ನಕ್ಕಿತು. ಖಣಿ ಮಾಲಕನ ಎದುರು ನಮ್ಮವರು ಹಾಗೆ ನಕ್ಕದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ನಾಳಿಂದ ಒಬ್ಬಾಂವನೂ ಖಣಿಗಿ ಬರಬ್ಯಾಡ್ರಿ!" ಮಾಲಕರು ಕುಂಟುತ್ತಾ ಜೀಪು ಹತ್ತಿದರು. ನಗು ನಿಂತಿತು. ನಾಳೆ ಒಲೆ ಹೇಗೆ ಹೊತ್ತಿಸುವುದು ಎಂದು ಎಲ್ಲರೂ ಯೋಚಿಸಿದ್ದು ಮುಖದಲ್ಲೇ ಕಾಣಿಸಿತು. ಆದರೂ ಬಾಗಿಲಿನಿಂದ ಒಬ್ಬರೂ ಕದಲಲಿಲ್ಲ.

ಅವ್ವ ಚಾಣ, ಸುತ್ತಿಗೆ ಎರಡನ್ನೂ ಗುರುಲಿಂಗಯ್ಯ ಸರ್ ಮುಂದೆ ಚಾಚಿದಳು. "ಅಯ್ನೋರ, ನಿಮ್ಮ ಜಾಗ ಬಿಟ್ಟೀವಿ. ಸಹಿ ಹಾಕ್ರಿ."

ಸರ್ ಎರಡು ಹೆಜ್ಜೆ ಹಿಂದೆ ಸರಿದರು. ಅವ್ವ ಸಾಹೇಬರ ಕಡೆ ತಿರುಗಿದಳು. ಅವರು ಮೊಬೈಲು ಕಿವಿಗೆ ಹಚ್ಚಿಕೊಂಡು ಬೈಕಿನ ಕಡೆ ನಡೆದರು. ಅದು ರಿಂಗ್ ಆಗಿರಲೇ ಇಲ್ಲ.

"ಮತ್ತ ಯಾರ ಹಾಕ್ಬೇಕು?" ಎಂದ ದಶರಥ.

ಅವ್ವ ಚಾಣ ತಂದು ನನ್ನ ಕೈಯಲ್ಲಿಟ್ಟಳು. ಈ ಕೈ ಚಾಣ ಹಿಡಿಯಬಾರದು ಅಂತಲೇ ಅಪ್ಪ ನನ್ನನ್ನು ಓದಿಸಿದ್ದ. ಮಂಡಿಯೂರಿ ಕೂತೆ. ಮೊದಲ ಪೆಟ್ಟು ಬೆರಳಿಗೇ ಬಿತ್ತು.

"ವಾರಿ ಹಿಡಿ ಬೇ," ಅವ್ವ ಚಾಣವನ್ನು ಓರೆ ಮಾಡಿ ಗದರಿದಳು. "ನಡುಗಬ್ಯಾಡ."

ಶಿ ಸೊಟ್ಟಗಾಯಿತು. ವ ನೆಟ್ಟಗಾಯಿತು. ಗಂಗಾ ಬರುವ ಹೊತ್ತಿಗೆ ಬೆರಳಿನ ರಕ್ತ ಕಲ್ಲಿಗೂ ಹತ್ತಿತ್ತು. ಮಕ್ಕಳು ಸುತ್ತಲೂ ನಿಂತು ಅಕ್ಷರ ಅಕ್ಷರ ಓದುತ್ತಿದ್ದರು. ದಶರಥನ ಮಗಳು ಎಲ್ಲರಿಗಿಂತ ಜೋರಾಗಿ ಓದುತ್ತಿದ್ದಳು. ಗುರುಲಿಂಗಯ್ಯ ಸರ್ ಬೈಕಿನ ಹತ್ತಿರ ಚೀಲ ಹಿಡಿದು ಇನ್ನೂ ನಿಂತೇ ಇದ್ದರು.

ನಾನು ಎದ್ದು, ಕಲ್ಲಿನ ಪುಡಿಯನ್ನು ಸೆರಗಿನಿಂದ ಒರೆಸಿ, ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟೆ.

"ಬರ್ರಿ ಸರ್," ಅಂದೆ. "ಹರೀರಿ."