ನಾಡೇ ನಕ್ಕ ಮಾತು

ಲಿನೆಟ್ ಹೂಚಕ್ರದ ರಿಬ್ಬನ್ನನ್ನು ಕಿತ್ತೆಳೆಯುತ್ತಿದ್ದಳು. ತಂತಿಗೆ ಬಿಗಿದು ಸುತ್ತಿದ್ದರಿಂದ ಅದು ಬರಲೊಲ್ಲದು. ಶವದ ಗಾಡಿಯವನು ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು, ಕಂಡರೂ ಕಾಣದವನಂತೆ ಚರ್ಚಿನ ಗೇಟಿನತ್ತ ಮುಖ ಮಾಡಿ ನಿಂತಿದ್ದ. ರಿಬ್ಬನ್ನಿನ ಮೇಲೆ ಬಂಗಾರದ ಬಣ್ಣದಲ್ಲಿ ಬರೆದಿತ್ತು: 'ತೊಂದ್ರೆ ಕೊಟ್ವಿ ಅಮ್ಮಾವ್ರೇ, ಮನ್ನಿಸ್ಬೇಕು.' ಕೆಳಗೆ ಅಭಿಮಾನಿ ಸಂಘದ ಹೆಸರು.

"ಬಿಡೇ ಮಗಾ," ಎಂದ ವಿಲ್ಫ್ ಮಾವ. ಶವಪೆಟ್ಟಿಗೆಯಲ್ಲಿ ಮಲಗಿದ್ದ ಲಿನೆಟ್‌ಳ ಅಮ್ಮ ಮೇವಿಸ್‌ಗೆ ಅವನು ತಮ್ಮ. "ದೂರದಿಂದ ಕಳ್ಸಿದಾರೆ. ಪ್ರೀತಿಯಿಂದ ಕಳ್ಸಿರೋದು."

"ಯಾರ ಮೇಲಿನ ಪ್ರೀತಿ ಮಾವ? ಅಮ್ಮನ ಮೇಲಾ, ಫ್ಲಾಸಿ ಮೇಲಾ?"

ರಿಬ್ಬನ್ ಕೊನೆಗೂ ಹರಿದು ಬಂತು. ಲಿನೆಟ್ ಅದನ್ನು ಮುದ್ದೆ ಮಾಡಿ ಗೇಟಿನ ಪಕ್ಕದ ಕಸದ ಡಬ್ಬಿಗೆ ಹಾಕಿದಳು.

ಫ್ಲಾಸಿಯನ್ನು ಅರಿಯದವರು ಆ ದೇಶದಲ್ಲಿ ಕಡಿಮೆ. 'ಹಿತ್ತಿಲ ಬಾಗಿಲು' ಎಂಬ ಟೀವಿ ಧಾರಾವಾಹಿಯಲ್ಲಿ ಅವಳು ದೊಡ್ಡಮನೆಯ ಪೆದ್ದು ಅಡುಗೆಯವಳು. ವಾರಕ್ಕೊಂದು ಅವಾಂತರ ಮಾಡುವಳು. ಬಿಷಪ್ಪರ ತೊಡೆಯ ಮೇಲೆ ಸೂಪು ಚೆಲ್ಲುವಳು, ಗುಲಾಬಿ ತೋಟಕ್ಕೆ ಹಂದಿ ನುಗ್ಗಿಸುವಳು. ಕೊನೆಗೆ ಮಂಡಿ ಬಗ್ಗಿಸಿ ಒಡತಿಗೆ ರಿಬ್ಬನ್ನಿನ ಮೇಲಿದ್ದ ಆ ಒಂದು ಮಾತು ಹೇಳುವಳು. ಅಲ್ಲಿಗೆ ಬ್ರಿಟನ್ನಿಗೆ ಬ್ರಿಟನ್ನೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ನಲವತ್ತು ವರ್ಷ ಕಳೆದರೂ ಆ ಮಾತು ಚಹಾ ಕುಡಿಯುವ ಮಗ್ಗುಗಳ ಮೇಲಿತ್ತು, ಒರೆಸುವ ಬಟ್ಟೆಗಳ ಮೇಲಿತ್ತು. ಬಸ್ಸಿನಲ್ಲಿ ಕಾಲು ತುಳಿದವರ ಬಾಯಲ್ಲೂ ಅದೇ ಇತ್ತು.

ಧಾರಾವಾಹಿಯ ಚಿತ್ರೀಕರಣ ನಡೆದದ್ದು ಇದೇ ನೆದರ್‌ಕೂಮ್ ಹಳ್ಳಿಯ ಧಣಿಗಳ ದೊಡ್ಡಮನೆಯಲ್ಲಿ. ಅಲ್ಲಿ ನಿಜಕ್ಕೂ ಅಡುಗೆ ಮಾಡುತ್ತಿದ್ದವಳು ಮೇವಿಸ್ ಟಿಡ್‌ಬಾಲ್.

*

ಚಿತ್ರೀಕರಣದ ಆ ದಿನಗಳಲ್ಲಿ, ಫ್ಲಾಸಿಯ ಪಾತ್ರ ಮಾಡುತ್ತಿದ್ದ ನಟಿ ಐಸ್ಲಾ ಮೆರಿಡನ್ ಬೆಳಿಗ್ಗೆಯೇ ಅಡುಗೆಮನೆಗೆ ಬಂದು, ಶೂ ಕಳಚಿ, ಒಲೆಯ ಪಕ್ಕದಲ್ಲಿ ಕೂರುತ್ತಿದ್ದಳು. ಮೇವಿಸ್ ಬಟಾಣಿ ಸುಲಿದರೆ ತಾನೂ ಸುಲಿಯುವಳು. ಗಂಡ ಸತ್ತು ಮೂರು ವರ್ಷವಾಗಿದ್ದ ಹೆಂಗಸಿನ ಎದುರು ಕೂತು "ಆಮೇಲೇನಾಯ್ತು ಮೇವಿಸ್?" ಎಂದು ಕೇಳಿದವಳು ಅವಳೊಬ್ಬಳೇ. ಮೇವಿಸ್ ಎದೆಯೊಳಗಿನದನ್ನೆಲ್ಲ ಅವಳ ಮುಂದೆ ಸುರಿದಳು. ಮೂಲೆಯಲ್ಲಿ ಕೂತು ಶಾಲೆಯ ಲೆಕ್ಕ ಮಾಡುತ್ತಿದ್ದ ಲಿನೆಟ್‌ಗೂ ಅಂದೇ ಗೊತ್ತಾದದ್ದು, ಅಪ್ಪ ಸತ್ತ ದಿನ ಏನು ನಡೆಯಿತೆಂದು.

ಅವನು ಸತ್ತ ದಿನ ದೊಡ್ಡಮನೆಯ ಹುಲ್ಲುಹಾಸಿನಲ್ಲಿ ಔತಣ. ಅತಿಥಿಗಳ ಕಾರು ಬರುವ ದಾರಿಗೆ ಬಾಗಿದ್ದ ಎಲ್ಮ್ ಮರದ ಕೊಂಬೆಯನ್ನು ತೆಗೆಯಲು ಅಲ್ಲೇ ಆಳಾಗಿದ್ದ ಅಪ್ಪ ಏಣಿ ಹತ್ತಿದ್ದ. ಕೊಂಬೆ ತಿರುಗಿ ಬಿದ್ದು ಅವನನ್ನೂ ಕೆಳಗೆ ತಂದಿತು. ಮೊದಲ ಕಾರುಗಳು ಅಷ್ಟರಲ್ಲೇ ಗೇಟಿಗೆ ಬಂದಿದ್ದವು. ಒಡತಿಯ ಅಪ್ಪಣೆಯಂತೆ ವಿಲ್ಫ್ ಮತ್ತು ತೋಟದ ಆಳುಗಳು ಹೆಣವನ್ನು ಹಿತ್ತಿಲಿನಿಂದ ಹೊತ್ತು, ಸೇಬು ಪೇರಿಸಿಡುವ ಕೋಣೆಯಲ್ಲಿ ಮಲಗಿಸಿದರು. ಸುದ್ದಿ ತಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಹೇಳಿದ. ಮೇವಿಸ್ ಸೌತೆಕಾಯಿ ಹೆಚ್ಚುತ್ತಿದ್ದಳು. ಸಂಜೆಯವರೆಗೂ ಸ್ಯಾಂಡ್‌ವಿಚ್‌ನ ತಟ್ಟೆಗಳು ಒಂದರ ಹಿಂದೊಂದು ಹೊರಗೆ ಹೋಗುತ್ತಲೇ ಇದ್ದವು.

ಕೊನೆಯ ಕಾರು ಹೋದ ಮೇಲೆ ಒಡತಿ ಕೆಳಗಿಳಿದು ಬಂದರು. ಅತಿಥಿಗಳಿಗೆ ಸುಳಿವೂ ಸಿಗಲಿಲ್ಲ, ನೀನು ಬಲು ಗಟ್ಟಿಗಿತ್ತಿ ಎಂದರು. ಕಣ್ಣು ಕತ್ತಲಿಟ್ಟು ಬಂದು ಮಂಡಿ ಕುಸಿಯುತ್ತಿದ್ದ ಮೇವಿಸ್ ಮೇಜು ಹಿಡಿದುಕೊಂಡು, ಬಾಯಿಗೆ ಬಂದದ್ದನ್ನು ಹೇಳಿದಳು.

"ತೊಂದ್ರೆ ಕೊಟ್ವಿ ಅಮ್ಮಾವ್ರೇ, ಮನ್ನಿಸ್ಬೇಕು."

ಇದನ್ನು ಕೇಳಿ ಐಸ್ಲಾ ಅತ್ತಳು. ಮೇವಿಸ್‌ಳನ್ನು ತಬ್ಬಿಕೊಂಡಳು. ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡಳು.

ಮರುವರ್ಷ ವಿಲ್ಫ್‌ನ ಮನೆಯ ಬಣ್ಣದ ಟೀವಿಯ ಮುಂದೆ ಅರ್ಧ ಊರು ಸೇರಿತ್ತು. ತೆರೆಯ ಮೇಲೆ ಫ್ಲಾಸಿ ತಟ್ಟೆಗಳ ಅಟ್ಟಿಯನ್ನೇ ಕೆಡವಿ, ಮಂಡಿ ಕುಸಿದು, ಮೇಜು ಹಿಡಿದುಕೊಂಡು ಆ ಮಾತು ಹೇಳಿದಳು. ಅದೇ ರಾಗ, ಅದೇ ನಡುಕ. ಕೋಣೆಯೇ ಹಾರಿಹೋಗುವಂತೆ ಎಲ್ಲರೂ ನಕ್ಕರು. ಒಂದು ಕ್ಷಣ ತಡವಾಗಿ ಅಮ್ಮನೂ ನಕ್ಕಳು. ಆಮೇಲೆ ಚಹಾಕ್ಕೆ ನೀರಿಡುತ್ತೇನೆಂದು ಎದ್ದು ಹೋದವಳು ಧಾರಾವಾಹಿ ಮುಗಿಯುವವರೆಗೂ ಈಚೆ ಬರಲಿಲ್ಲ.

ಬೇಸಿಗೆ ಬಂದರೆ ಪ್ರವಾಸಿಗಳ ಬಸ್ಸುಗಳು ಬರತೊಡಗಿದವು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಬಿಳಿ ಏಪ್ರನ್ ಕಟ್ಟಿಕೊಂಡು ನಿಂತು, ಕೇಳಿದವರಿಗೆಲ್ಲ ಆ ಮಾತು ಹೇಳಬೇಕು. ಇರುವ ಮನೆ ದೊಡ್ಡಮನೆಯವರದ್ದು; ಆಗದು ಎನ್ನುವಂತಿರಲಿಲ್ಲ. "ಹೇಳ್ಬೇಡ ಅಮ್ಮಾ," ಎಂದು ಲಿನೆಟ್ ಅತ್ತು ಜಗಳವಾಡಿದ್ದಳು. ಅಮ್ಮ ಹೇಳಿದ್ದು ಇಷ್ಟೇ: "ಎಷ್ಟು ಸಲ ಹೇಳಿದ್ರೂ ನಿಮ್ಮಪ್ಪ ಇನ್ನೊಂದ್ ಸಲ ಸಾಯಲ್ಲ ಬಿಡು." ಅಷ್ಟು ತಣ್ಣಗೆ ಹೇಳಿದ್ದಕ್ಕೇ ಲಿನೆಟ್‌ಗೆ ಅವಳ ಮೇಲೆ ಸಿಟ್ಟು. ಟಾಂಟನ್ ಪಟ್ಟಣದಲ್ಲಿ ಕೆಲಸ ಹಿಡಿದಳು. ಊರಿಗೆ ಬರುವುದನ್ನೇ ಕಡಿಮೆ ಮಾಡಿದಳು.

*

ಚರ್ಚು ತುಂಬಿತ್ತು. ಹಿಂದಿನ ಬೆಂಚುಗಳಲ್ಲಿ ಪರವೂರಿನ ಅಭಿಮಾನಿಗಳು. ಕೆಲವರು ಫ್ಲಾಸಿಯಂತೆ ಬಿಳಿ ಟೋಪಿ ಹಾಕಿಕೊಂಡು ಬಂದಿದ್ದರು. ಒಂದು ಪ್ರಾರ್ಥನೆ, ಒಂದು ಕೀರ್ತನೆ, ಅಷ್ಟೇ ಸಾಕೆಂದು ಅಮ್ಮ ಹೇಳಿ ಹೋಗಿದ್ದಳು. ಆದರೆ ಎರಡು ಮಾತಾಡುತ್ತೇನೆಂದು ದೊಡ್ಡಮನೆಯ ಒಡತಿಯ ಮಗ ಆಬ್ರಿ ತಾನಾಗಿ ಕೇಳಿದಾಗ ಪ್ರಾರ್ಥನೆ ನಡೆಸುವ ಪಾದ್ರಿಯಮ್ಮ ಒಪ್ಪಿದ್ದರು, ಲಿನೆಟ್ ಬೇಡವೆಂದಿರಲಿಲ್ಲ. ಐವತ್ತು ದಾಟಿದರೂ ಊರಿಗೆ ಅವನು ಇನ್ನೂ ಚಿಕ್ಕ ಧಣಿ.

ಆಬ್ರಿ ಚೆನ್ನಾಗಿಯೇ ಮಾತಾಡಿದ. ಮೇವಿಸ್ ಮಾಡುತ್ತಿದ್ದ ಸೇಬಿನ ಕಡುಬನ್ನು ನೆನೆದ. ಚಿಕ್ಕಂದಿನಲ್ಲಿ ತಾನು ಅಡುಗೆಮನೆಯಲ್ಲೇ ಬೆಳೆದೆನೆಂದ. ಕೊನೆಗೆ ಪೆಟ್ಟಿಗೆಯತ್ತ ತಿರುಗಿ, "ಮೇವಿಸ್‌ನ ಅತ್ತು ಕಳಿಸೋದು ಬೇಡ. ಅವಳ ಮಾತಿನಿಂದಲೇ ಕಳಿಸಿಕೊಡೋಣ. ಎಲ್ಲರೂ ಒಟ್ಟಿಗೆ," ಎಂದು ಕೈ ಎತ್ತಿದ.

ಚರ್ಚಿಗೆ ಚರ್ಚೇ ಒಂದೇ ಕೊರಳಲ್ಲಿ ಹೇಳಿತು. ಹೇಳಿ ನಕ್ಕಿತು.

ಲಿನೆಟ್ ಎದ್ದದ್ದು ಅವಳಿಗೇ ತಿಳಿಯಲಿಲ್ಲ. ವಿಲ್ಫ್ ಮಾವ ತೋಳು ಹಿಡಿದ, ಬಿಡಿಸಿಕೊಂಡಳು. ಮುಂದೆ ಹೋಗದೆ, ಬೆಂಚಿನ ಪಕ್ಕದಲ್ಲೇ ನಿಂತು, ಆ ಮಾತನ್ನು ಅಮ್ಮ ಮೊದಲ ಸಲ ಯಾವಾಗ, ಯಾರಿಗೆ ಹೇಳಿದಳೆಂಬುದನ್ನು ಹೇಳಿದಳು. ಏಣಿ, ಸೇಬಿನ ಕೋಣೆ, ಸೌತೆಕಾಯಿ, ಯಾವುದನ್ನೂ ಬಿಡಲಿಲ್ಲ, ಯಾವುದನ್ನೂ ಹಿಗ್ಗಿಸಲಿಲ್ಲ. ಮೊದಮೊದಲು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇದೂ ಒಂದು ತಮಾಷೆ ಎಂದುಕೊಂಡಿರಬೇಕು. ಆಮೇಲೆ ಆ ಸದ್ದೂ ಅಡಗಿತು.

"ನೀವೂ ಅವತ್ತು ಅಲ್ಲಿದ್ರಿ ಧಣಿ," ಎಂದಳು ಕೊನೆಗೆ. "ನಮ್ಮಪ್ಪ ಸೇಬಿನ ಕೋಣೇಲಿದ್ದಾಗ ನೀವು ಹುಲ್ಲಿನ ಮೇಲೆ ಆಡ್ತಿದ್ರಿ."

ಆಬ್ರಿಯ ಮುಖ ಬಿಳಿಚಿಕೊಂಡಿತು. ಏನನ್ನೋ ನೆನಪಿಸಿಕೊಳ್ಳುವವನಂತೆ ಹುಬ್ಬು ಗಂಟಿಕ್ಕಿದ. "ಅವತ್ತು ನನಗೆ ಕುದುರೆಮರಿ ಕೊಡಿಸಿದ್ದರು," ಎಂದ. ಪಾದ್ರಿಯಮ್ಮ ಅವಸರವಸರವಾಗಿ ಕೀರ್ತನೆಯ ಪುಟ ಹೇಳಿದರು.

*

ಮಣ್ಣು ಹಾಕಿ ಬರುವಾಗ ಯಾರೂ ಲಿನೆಟ್‌ಳ ಪಕ್ಕದಲ್ಲಿ ನಡೆಯಲಿಲ್ಲ. ನೆರೆಮನೆಯ ಬೆರಿಲ್ ಮಾತ್ರ ಹತ್ತಿರ ಬಂದು ಕೈ ಹಿಡಿದಳು. ಹಿಡಿದದ್ದು ಸಮಾಧಾನಕ್ಕಲ್ಲ.

"ಅದನ್ನ ಇವತ್ತೇ ಹೇಳ್ಬೇಕಿತ್ತೇನೇ? ನಿಮ್ಮಮ್ಮನೇ ಬದುಕಿರೋವರ್ಗೂ ಹೊಟ್ಟೇಲಿ ಇಟ್ಕೊಂಡಿದ್ಳು. ಧಣಿ ಮುಖ ನೋಡೋಕಾಗ್ಲಿಲ್ಲ ನಂಗೆ."

ಬಿಳಿ ಟೋಪಿಯ ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳುತ್ತ ದಾರಿಗಡ್ಡ ಬಂದಳು. ತಾನು ಕಾಯಿಲೆ ಬಿದ್ದು ಮಲಗಿದ್ದ ವರ್ಷ ತನ್ನನ್ನು ಬದುಕಿಸಿದ್ದೇ ಆ ಧಾರಾವಾಹಿ ಎಂದಳು. "ಇನ್ಮೇಲೆ ಅದನ್ನ ಹೇಗೆ ನೋಡ್ಲಿ ಹೇಳಿ," ಎಂದು ಕೇಳಿದಳು, ಲಿನೆಟ್ ತನ್ನ ಕೈಯಿಂದ ಏನನ್ನೋ ಕಿತ್ತುಕೊಂಡಂತೆ.

ಚಹಾ ಏರ್ಪಾಡು ದೊಡ್ಡಮನೆಯ ಹಜಾರದಲ್ಲಿ. ಲಿನೆಟ್‌ಗೆ ಹೋಗುವ ಮನಸ್ಸಿರಲಿಲ್ಲ. "ಕರೆದ ಮೇಲೆ ಹೋಗ್ದೆ ಇದ್ರೆ ಏನಂದ್ಕೋತಾರೆ," ಎಂದು ಮಾವ ಹಟ ಹಿಡಿದ. ಊರವರನ್ನು ಅಂದು ಮುಂಬಾಗಿಲಿನಿಂದಲೇ ಒಳಗೆ ಬಿಟ್ಟಿದ್ದರು. ಮಾವನನ್ನು ಮೆತ್ತನೆಯ ಕುರ್ಚಿಯೊಂದರಲ್ಲಿ ಕೂರಿಸಿ, ಕೈಗೆ ಚಹಾ ಕೊಟ್ಟು, ಲಿನೆಟ್ ಪಕ್ಕದಲ್ಲೇ ಕೂತಳು.

"ಮಾವ, ಅಪ್ಪನ್ನ ಹೊತ್ಕೊಂಡು ಹೋದೋನು ನೀನು. ನಾನು ಹೇಳಿದ್ರಲ್ಲಿ ಒಂದು ಮಾತಾದ್ರೂ ಸುಳ್ಳಿತ್ತಾ?"

ಮುದುಕ ಬಟ್ಟಲನ್ನು ತೊಡೆಯ ಮೇಲಿಳಿಸಿದ. "ಸುಳ್ಳಿಲ್ಲ ಮಗಾ," ಎಂದ. "ಅವನ ಒಂದು ಕಾಲಲ್ಲಿ ಬೂಟ್ಸಿರ್ಲಿಲ್ಲ. ಹುಡುಕ್ಕೊಂಡು ಬರ್ತೀನಿ ಅಂದೆ, ಬೇಡ ಅಂದ್ರು. ಅತಿಥಿಗಳು ಹುಲ್ಲಿನ ಮೇಲಿದ್ರು."

ಇಷ್ಟು ವರ್ಷಗಳಲ್ಲಿ ಅವನು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಲಿನೆಟ್ ಅವನ ಬೆನ್ನ ಮೇಲೆ ಕೈಯಿಟ್ಟಳು.

ಅಷ್ಟರಲ್ಲಿ ಒಳಬಾಗಿಲು ತೆರೆದು ಆಬ್ರಿ ಬಂದ. ಕಿವಿಗೆ ಫೋನ್ ಹಿಡಿದಿದ್ದ. ಬೆರಿಲ್ ಎದ್ದಳು, ಅವಳ ಗಂಡ ಎದ್ದ, ಗೋಡೆಯುದ್ದಕ್ಕೂ ಒಬ್ಬೊಬ್ಬರಾಗಿ ತಟ್ಟೆ ಹಿಡಿದುಕೊಂಡೇ ಎದ್ದು ನಿಂತರು. ಲಿನೆಟ್ ಕೂತೇ ಇದ್ದಳು. ಅವಳ ಅಂಗೈಯಡಿಯಲ್ಲಿ ಮುದುಕನ ಬೆನ್ನು ಅಲುಗಿತು. ಚಹಾದ ಬಟ್ಟಲನ್ನು ನೆಲದ ಮೇಲಿಟ್ಟು, ಕುರ್ಚಿಯ ಎರಡೂ ಕೈಗಳನ್ನು ಅದುಮಿ, ನೋವಿಗೆ ಹಲ್ಲು ಕಚ್ಚಿ, ವಿಲ್ಫ್ ಮಾವ ಏಳತೊಡಗಿದ. ಆಬ್ರಿ ಅವರತ್ತ ನೋಡದೆ, ಫೋನಿನಲ್ಲಿ ಮಾತಾಡುತ್ತಲೇ ಹಜಾರ ದಾಟಿ ಹೊರಗೆ ಹೋದ. ಮುದುಕನ ಮಂಡಿಗಳು ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ.